ಫ್ಲೂ ಲಸಿಕೆ ಹಾಕಿಸಿದ ಮೇಲೆ ಮಗುವಿನ ಮೈಮೇಲೆ ದದ್ದು ಎದ್ದರೆ

ಮೇ ತಿಂಗಳಿನಿಂದ ಜೂನ್ ಕೊನೆಯವರೆಗೆ ಉಡುಪಿಯ ನಮ್ಮ ಔಷಧದ ಅಂಗಡಿಗೆ ಬರುವ ತಾಯಂದಿರಲ್ಲಿ ಹಲವರು ಚೀಟಿಗಿಂತ ಮೊದಲು ಮೊಬೈಲನ್ನು ಮುಂದೆ ಚಾಚುತ್ತಾರೆ. ಪರದೆಯ ಮೇಲೆ ಮಗುವಿನ ತೋಳು, ತೊಡೆ ಅಥವಾ ಹೊಟ್ಟೆಯ ಫೋಟೊ ಇರುತ್ತದೆ. ಅದರಲ್ಲಿ ಕೆಂಪು ಕಲೆಯೋ ಗುಳ್ಳೆಯೋ ಕಾಣುತ್ತದೆ. "ಮೊನ್ನೆ ಫ್ಲೂ ಇಂಜೆಕ್ಷನ್ ಹಾಕಿಸಿದ್ದು ಅಕ್ಕ, ಇವತ್ತು ಬೆಳಿಗ್ಗೆ ಏಳುವಾಗ ಹೀಗೆ ಉಂಟು. ಎಂತ ಹಚ್ಚುವುದು?" ಎಂಬ ಪ್ರಶ್ನೆ ಸಣ್ಣ ಪುಟ್ಟ ವ್ಯತ್ಯಾಸಗಳೊಂದಿಗೆ ಪ್ರತಿವರ್ಷ ಬರುತ್ತದೆ. ಕೌಂಟರಿನ ಎದುರು ಇನ್ನೂ ನಾಲ್ಕು ಜನ ನಿಂತಿರುವಾಗ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ, ಔಷಧ ಶಾಸ್ತ್ರ ಓದಿದವಳಾಗಿ ನನಗೆ ತಿಳಿದಿರುವುದನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ಈ ಪ್ರಶ್ನೆ ಇದೇ ಹೊತ್ತಿನಲ್ಲಿ ಹೆಚ್ಚುವುದಕ್ಕೆ ಕಾರಣವಿದೆ. ನಮ್ಮ ಕರಾವಳಿಯಲ್ಲಿ ಇನ್‌ಫ್ಲುಯೆಂಜಾ ಮಳೆಗಾಲದಲ್ಲಿ ಜೋರಾಗುತ್ತದೆ, ಲಸಿಕೆ ಹಾಕಿದ ಮೇಲೆ ದೇಹದಲ್ಲಿ ರಕ್ಷಣೆ ಬೆಳೆಯಲು ಸುಮಾರು 2 ವಾರ ಬೇಕಾಗುತ್ತದೆ. ಹಾಗಾಗಿ ಮಕ್ಕಳ ವೈದ್ಯರು ಮಳೆ ಹಿಡಿಯುವ ಮೊದಲೇ ಹಾಕಿಸಿಕೊಳ್ಳಿ ಎನ್ನುತ್ತಾರೆ. ಭಾರತೀಯ ಮಕ್ಕಳ ತಜ್ಞರ ಸಂಘವು 6 ತಿಂಗಳು ತುಂಬಿದ ಮೇಲೆ ಆರಂಭಿಸಿ 5 ವರ್ಷದವರೆಗೆ ಪ್ರತಿವರ್ಷ ಈ ಲಸಿಕೆಯನ್ನು ಕೊಡಿಸಲು ಹೇಳುತ್ತದೆ. ಮೊದಲ ಸಲ ಹಾಕಿಸುವ ಚಿಕ್ಕ ಮಕ್ಕಳಿಗೆ 4 ವಾರಗಳ ಅಂತರದಲ್ಲಿ 2 ಡೋಸ್ ಬೇಕು. ಆದರೆ ಸರಕಾರದ ಉಚಿತ ಲಸಿಕಾ ಪಟ್ಟಿಯಲ್ಲಿ ಇದಿಲ್ಲ, ಸಾವಿರಕ್ಕೂ ಹೆಚ್ಚು ರೂಪಾಯಿ ಕೊಟ್ಟು ಖಾಸಗಿಯಾಗಿ ಹಾಕಿಸಬೇಕು. ಪೋಲಿಯೊ ಹನಿಗೆ ಇಡೀ ಊರೇ ಹೋಗುವಂತೆ ಇದಕ್ಕೆ ಯಾರೂ ಹೋಗುವುದಿಲ್ಲ. ಒಂದೊಂದು ಮನೆಯವರು ತಾವೇ ಯೋಚಿಸಿ, ಕೆಲವೊಮ್ಮೆ ಮನೆಯ ಹಿರಿಯರ ಅಸಮಾಧಾನವನ್ನು ಮೀರಿ ಹಾಕಿಸಿರುತ್ತಾರೆ. ಮರುದಿನ ಮಗುವಿನ ಮೈಮೇಲೆ ಏನಾದರೂ ಕಂಡಿತೆಂದರೆ "ದುಡ್ಡು ಕೊಟ್ಟು ಕಾಯಿಲೆ ತಂದ ಹಾಗಾಯಿತು" ಎಂಬ ಮಾತನ್ನು ಆ ತಾಯಿ ಒಬ್ಬಳೇ ಕೇಳಬೇಕಾಗುತ್ತದೆ. ಅವಳ ಆತಂಕದಲ್ಲಿ ಈ ಭಾರವೂ ಸೇರಿರುತ್ತದೆ ಎಂಬುದನ್ನು ಔಷಧ ಕೊಡುವ ನಾವು ಮರೆಯಬಾರದು.

ಫೋಟೊ ನೋಡಿದೊಡನೆ ನಾನು ಕೇಳುವುದು ಒಂದೇ ಪ್ರಶ್ನೆ: ಸೂಜಿ ಹಾಕಿ ಎಷ್ಟು ಹೊತ್ತಿಗೆ ಇದು ಕಾಣಿಸಿತು? ದದ್ದಿನ ಬಣ್ಣ, ಗಾತ್ರ, ಆಕಾರಗಳಿಗಿಂತ ಹೆಚ್ಚಿನದನ್ನು ಈ ಉತ್ತರ ಹೇಳುತ್ತದೆ. ಅದು ಸೂಜಿ ಹಾಕಿದ ಜಾಗದಲ್ಲೇ ಇದೆಯೇ, ಬೇರೆ ಕಡೆ ಇದೆಯೇ ಎಂಬುದು ಅದರ ನಂತರದ ಪ್ರಶ್ನೆ. ಇವೆರಡು ತಿಳಿದರೆ ಅರ್ಧಕ್ಕಿಂತ ಹೆಚ್ಚು ವಿಷಯ ಸ್ಪಷ್ಟವಾಗುತ್ತದೆ.

ಅತಿ ಸಾಮಾನ್ಯವಾದದ್ದು ಸೂಜಿ ಹಾಕಿದ ಜಾಗದ ಕೆಂಪು, ಊತ ಮತ್ತು ನೋವು. ಒಂದು ವರ್ಷದೊಳಗಿನ ಕೂಸುಗಳಿಗೆ ತೊಡೆಯ ಮುಂಭಾಗದ ಹೊರಮಗ್ಗುಲಿಗೂ ದೊಡ್ಡ ಮಕ್ಕಳಿಗೆ ತೋಳಿಗೂ ಈ ಲಸಿಕೆಯನ್ನು ಹಾಕುತ್ತಾರೆ. ಚುಚ್ಚುಮದ್ದಿನ ಫ್ಲೂ ಲಸಿಕೆಯಲ್ಲಿರುವುದು ನಿಷ್ಕ್ರಿಯಗೊಳಿಸಿ ಒಡೆದ ವೈರಾಣುವಿನ ತುಣುಕುಗಳು. ಅದರಿಂದ ಫ್ಲೂ ಬರುವುದು ಸಾಧ್ಯವಿಲ್ಲ. ಆದರೆ ಸ್ನಾಯುವಿನೊಳಗೆ ಹೊರಗಿನ ವಸ್ತು ಬಂದಿತೆಂದು ದೇಹ ಅರಿತ ಕೂಡಲೇ ಅಲ್ಲಿನ ರಕ್ತನಾಳಗಳು ಹಿಗ್ಗುತ್ತವೆ, ರೋಗನಿರೋಧಕ ಕಣಗಳು ಬಂದು ಸೇರುತ್ತವೆ. ನಾವು ಹೊರಗಿನಿಂದ ನೋಡುವ ಕೆಂಪು ಮತ್ತು ಬಿಸಿ ಆ ಕೆಲಸದ ಗುರುತು. ಇದು ಸಾಮಾನ್ಯವಾಗಿ ಮೊದಲ ದಿನವೇ ಆರಂಭವಾಗಿ, ಒಂದೆರಡು ದಿನಗಳಲ್ಲಿ ಇಳಿಮುಖವಾಗುತ್ತದೆ. ಕೆಂಪು ಹೋದ ಮೇಲೂ ಕೆಲವು ಮಕ್ಕಳಲ್ಲಿ ಚರ್ಮದ ಕೆಳಗೆ ಸಣ್ಣ ಗಂಟೊಂದು ಕೆಲವು ವಾರ ಉಳಿಯುವುದುಂಟು. ನೋವಿಲ್ಲದಿದ್ದರೆ ಅದನ್ನು ಹಿಸುಕದೆ ಬಿಟ್ಟುಬಿಡಬೇಕು.

ಈ ಹಂತದಲ್ಲಿ ನಾನು ಹೇಳುವ ಉಪಾಯಕ್ಕೆ ಮನೆಯಲ್ಲಿರುವ ಬಾಲ್‌ಪೆನ್ ಸಾಕು. ಕೆಂಪು ಎಲ್ಲಿಗೆ ಮುಗಿಯುತ್ತದೆಯೋ ಆ ಅಂಚಿನ ಸುತ್ತ ಪೆನ್ನಿನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆದು, ಬೆಳಕಿರುವ ಕಡೆ ಫೋಟೊ ತೆಗೆದಿಡಿ. ಮರುದಿನ ಅದೇ ಹೊತ್ತಿಗೆ ನೋಡಿದಾಗ ಕೆಂಪು ಗೆರೆಯ ಒಳಗೇ ಇದ್ದರೆ ಅಥವಾ ಕುಗ್ಗಿದ್ದರೆ ಕಾಯಬಹುದು. ಎರಡು ದಿನಗಳ ಬಳಿಕವೂ ಗೆರೆ ದಾಟಿ ಹರಡುತ್ತಿದ್ದರೆ, ಮುಟ್ಟಿದರೆ ಸುಡುತ್ತಿದ್ದರೆ, ನೋವು ಏರುತ್ತಿದ್ದರೆ, ಜೊತೆಗೆ ಜ್ವರ ಬಂದಿದ್ದರೆ ಅಥವಾ ಕೀವು ಕಾಣಿಸಿದರೆ ಅದು ಸೋಂಕಾಗಿರಬಹುದು, ವೈದ್ಯರು ನೋಡಲೇಬೇಕು. ಗೆರೆಯಿಲ್ಲದೆ ಬರಿಯ ನೆನಪಿನಿಂದ "ನಿನ್ನೆಗಿಂತ ದೊಡ್ಡದಾಗಿದೆಯೋ ಏನೋ" ಎನ್ನುವಾಗ ಅಮ್ಮನ ಉತ್ತರ ಒಂದು, ಅಜ್ಜಿಯ ಉತ್ತರ ಇನ್ನೊಂದು ಆಗಿರುತ್ತದೆ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಚಿತ್ರಗಳಲ್ಲಿ ಹೆಚ್ಚಿನವು ಬಿಳಿಯ ಚರ್ಮದ ಮಕ್ಕಳವು. ಅಲ್ಲಿ ಕೆಂಪೆಂದರೆ ಕಣ್ಣಿಗೆ ಹೊಡೆಯುವ ಗುಲಾಬಿ. ನಮ್ಮ ಮಕ್ಕಳ ಗೋಧಿ ಬಣ್ಣದ ಅಥವಾ ಕಪ್ಪು ಚರ್ಮದಲ್ಲಿ ಅದೇ ಉರಿಯೂತ ಕಂದು ಅಥವಾ ನೇರಳೆ ಛಾಯೆಯಲ್ಲಿ ಕಾಣಬಹುದು, ಕೆಲವೊಮ್ಮೆ ಬಣ್ಣದಿಂದ ಗುರುತೇ ಸಿಗದಿರಬಹುದು. ಆದ್ದರಿಂದ ಕಣ್ಣನ್ನಷ್ಟೇ ನಂಬದೆ ಕೈಯಿಂದಲೂ ನೋಡಬೇಕು. ಅಂಗೈಯ ಹಿಂಬದಿಯನ್ನು ಮೊದಲು ಸೂಜಿ ಹಾಕದ ತೊಡೆಗೆ, ಆಮೇಲೆ ಹಾಕಿದ ತೊಡೆಗೆ ಇಟ್ಟರೆ ಬಿಸಿಯ ವ್ಯತ್ಯಾಸ ತಿಳಿಯುತ್ತದೆ. ಬೆರಳ ತುದಿಯಿಂದ ಮೆಲ್ಲಗೆ ಒತ್ತಿದರೆ ಗಟ್ಟಿಯಾದ ಭಾಗ ಎಲ್ಲಿಯವರೆಗಿದೆ ಎಂಬುದೂ ಗೊತ್ತಾಗುತ್ತದೆ. ಮಗು ಯಾವ ಒತ್ತಿಗೆ ಮುಖ ಹಿಂಡುತ್ತದೆ ಎಂಬುದನ್ನು ಗಮನಿಸುವುದರಲ್ಲಿ ತಾಯಿಗಿಂತ ನಿಪುಣರು ಯಾರೂ ಇಲ್ಲ.

ಹಚ್ಚುವುದು ಏನನ್ನು ಎಂದರೆ, ಹೆಚ್ಚಿನ ಮಕ್ಕಳಿಗೆ ಏನೂ ಬೇಡ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆಯನ್ನು ಸ್ವಲ್ಪ ಹೊತ್ತು ಇಟ್ಟರೆ ಸಾಕು. ಬಿಸಿ ಶಾಖ, ತಿಕ್ಕುವುದು, ಅರಿಶಿನ ಅಥವಾ ಸುಣ್ಣ ಮೆತ್ತುವುದು ಇವು ಯಾವುವೂ ಬೇಡ. ನನಗೆ ನಿಜವಾಗಿ ಭಯ ಹುಟ್ಟಿಸುವುದು ಮನೆಯಲ್ಲಿ ಮೊದಲೇ ಇರುವ ಟ್ಯೂಬ್. ಅಪ್ಪನ ಹುಳುಕಡ್ಡಿಗೆಂದು ಯಾವಾಗಲೋ ತಂದ, ತೀಕ್ಷ್ಣ ಸ್ಟೀರಾಯ್ಡ್ ಮತ್ತು ಬೇರೆರಡು ಔಷಧಗಳನ್ನು ಬೆರೆಸಿದ ಮುಲಾಮನ್ನು ಕೂಸಿನ ತೊಡೆಗೆ ಹಚ್ಚಿಕೊಂಡು ಬಂದವರನ್ನು ನೋಡಿದ್ದೇನೆ. ಮಗುವಿನ ಚರ್ಮ ತೆಳು, ಹಚ್ಚಿದ ಸ್ಟೀರಾಯ್ಡ್ ದೊಡ್ಡವರಿಗಿಂತ ಹೆಚ್ಚಾಗಿ ಒಳಗೆ ಇಳಿಯುತ್ತದೆ, ಸೋಂಕಿದ್ದರೆ ಅದನ್ನು ಮರೆಮಾಚುತ್ತದೆ. ಇಂಥ ಟ್ಯೂಬನ್ನು ವೈದ್ಯರ ಚೀಟಿಯಿಲ್ಲದೆ ಯಾರು ಕೇಳಿದರೂ ನಾವು ಕೊಡುವುದಿಲ್ಲ. ನೋವು, ಜ್ವರವಿದ್ದರೆ ಮಗುವಿನ ತೂಕಕ್ಕೆ ವೈದ್ಯರು ಬರೆದುಕೊಟ್ಟ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಿರಪ್ ಸಾಕು. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು.

ಇನ್ನು ಪಿತ್ತಗಂಧೆಯ ವಿಷಯ. ತುರಿಸುವ, ಉಬ್ಬಿದ, ಒಂದು ಕಡೆ ಎದ್ದು ಇನ್ನೊಂದು ಕಡೆ ಮಾಯವಾಗುವ ಈ ದದ್ದುಗಳೇ ಹೆತ್ತವರನ್ನು ಅತಿ ಹೆಚ್ಚು ಹೆದರಿಸುವುದು, ಗಂಟೆಯ ಲೆಕ್ಕ ಅತಿ ಹೆಚ್ಚು ಮುಖ್ಯವಾಗುವುದೂ ಇಲ್ಲಿಯೇ. ಲಸಿಕೆಯಲ್ಲಿರುವ ಯಾವುದೋ ಅಂಶಕ್ಕೆ ನಿಜವಾದ ಅಲರ್ಜಿಯಿದ್ದರೆ ಅದು ಕೆಲವು ನಿಮಿಷಗಳಿಂದ ಸುಮಾರು 4 ಗಂಟೆಯೊಳಗೆ, ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲೇ ಕಾಣಿಸಿಕೊಳ್ಳುತ್ತದೆ. ಮರುದಿನ ಅಥವಾ ಅದರ ಮರುದಿನ ಎದ್ದ ಗಂಧೆಗೆ ಇಂಥ ಅಲರ್ಜಿ ಕಾರಣವಾಗಿರುವ ಸಾಧ್ಯತೆ ತುಂಬ ಕಡಿಮೆ. ಚಿಕ್ಕ ಮಕ್ಕಳಲ್ಲಿ ಹಠಾತ್ತನೆ ಏಳುವ ಪಿತ್ತಗಂಧೆಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಯಾವುದಾದರೊಂದು ವೈರಾಣುವಿನ ಸೋಂಕು. ಮಳೆಗಾಲದ ಬಾಗಿಲಲ್ಲಿ, ಅಂಗನವಾಡಿ ಮತ್ತು ಶಾಲೆ ತೆರೆಯುವ ವಾರದಲ್ಲಿ ಮೂಗು ಸೋರದ ಮಗು ಎಲ್ಲಿದೆ? ಲಸಿಕೆಯ ದಿನವೇ ಶೀತಕ್ಕೆಂದು ಹೊಸ ಸಿರಪ್ಪೋ ಆಂಟಿಬಯೋಟಿಕ್ಕೋ ಆರಂಭವಾಗಿದ್ದರೆ ಅದನ್ನೂ ಸಂಶಯಿಸಬೇಕು. ಹಾಗಾಗಿ ಆ ಮೂರು ದಿನಗಳಲ್ಲಿ ಮಗುವಿನ ಬಾಯಿಗೆ ಹೋದ ಔಷಧಗಳ ಹೆಸರನ್ನೆಲ್ಲ ನಾನು ಕೇಳುತ್ತೇನೆ.

ಪಿತ್ತಗಂಧೆಯ ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತು ಉಳಿಸದೆ ಹೋಗುತ್ತದೆ, ಹೊಸದು ಇನ್ನೊಂದೆಡೆ ಏಳುತ್ತದೆ. ನಮ್ಮಲ್ಲಿ ಇದಕ್ಕೆ ಕಂಬಳಿಯಿಂದ ಮೈ ಉಜ್ಜುವ ರೂಢಿ ಇನ್ನೂ ಕೆಲವು ಮನೆಗಳಲ್ಲಿ ಇದೆ. ಉಜ್ಜಿದಷ್ಟೂ ಚರ್ಮದಲ್ಲಿ ತುರಿಕೆ ಎಬ್ಬಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ದದ್ದು ಹೆಚ್ಚುತ್ತದೆ, ದಯವಿಟ್ಟು ಬೇಡ. ಪುನರ್ಪುಳಿ ಶರಬತ್ತಿನ ಬಗ್ಗೆಯೂ ಕೇಳುತ್ತಾರೆ. ದೊಡ್ಡ ಮಗು ಇಷ್ಟಪಟ್ಟು ಕುಡಿದರೆ ನನ್ನ ಆಕ್ಷೇಪವಿಲ್ಲ, ಆದರೆ ಅದನ್ನು ಔಷಧವೆಂದು ನಂಬಿ ಕಾಯಬಾರದು, ಹಾಲು ಕುಡಿಯುವ ಕೂಸಿಗಂತೂ ಅದು ಸಲ್ಲದು. ತುರಿಕೆ ತಡೆಯಲಾಗದಿದ್ದರೆ ವೈದ್ಯರು ವಯಸ್ಸಿಗೆ ತಕ್ಕ ಆಂಟಿಹಿಸ್ಟಮಿನ್ ಸಿರಪ್ ಬರೆಯುತ್ತಾರೆ. "ಮುಂದಿನ ಸಲ ಇಂಜೆಕ್ಷನ್‌ಗೆ ಹೋಗುವ ಮೊದಲೇ ಸೆಟ್ರಿಜಿನ್ ಕೊಟ್ಟರೆ ಆಗ್ತದಾ?" ಎಂದು ಕೇಳುವವರೂ ಇದ್ದಾರೆ. ಸ್ವಂತ ನಿರ್ಧಾರದಿಂದ ಹಾಗೆ ಕೊಡಬೇಡಿ. ಮೊದಲ ಅರ್ಧ ಗಂಟೆಯಲ್ಲಿ ಚರ್ಮ ಕೊಡುವ ಎಚ್ಚರಿಕೆಯನ್ನು ಅದು ಮಸುಕಾಗಿಸಬಹುದು, ಗಂಭೀರ ಅಲರ್ಜಿಯನ್ನಂತೂ ಅದು ತಡೆಯುವುದಿಲ್ಲ.

ಆ ಗಂಭೀರ ಅಲರ್ಜಿಗೆ ಅನಾಫಿಲಾಕ್ಸಿಸ್ ಎನ್ನುತ್ತಾರೆ. ಅಮೆರಿಕದಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಡೋಸ್‌ಗಳ ದಾಖಲೆ ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಲ್ಲ ಲಸಿಕೆಗಳನ್ನೂ ಸೇರಿಸಿ ಅದರ ಪ್ರಮಾಣ 10 ಲಕ್ಷ ಡೋಸ್‌ಗೆ ಸುಮಾರು 1.3 ಎಂದು ಕಂಡುಬಂದಿತು. ಅಪರೂಪವೇ ಸರಿ, ಆದರೆ ಬಂದಾಗ ನಿಮಿಷಗಳ ಲೆಕ್ಕ. ಗಂಧೆಯ ಜೊತೆಗೆ ತುಟಿ, ಕಣ್ಣುರೆಪ್ಪೆ ಅಥವಾ ನಾಲಗೆ ಊದುವುದು, ಧ್ವನಿ ಒಡೆಯುವುದು, ಉಬ್ಬಸ, ಬಿಡದ ವಾಂತಿ, ಮಗು ಬಾಡಿದ ಹಾಗೆ ಹೆಗಲಿಗೆ ಒರಗುವುದು ಅದರ ಲಕ್ಷಣಗಳು. ಕೆಲವೊಮ್ಮೆ ಚರ್ಮದಲ್ಲಿ ಏನೂ ಕಾಣದೆಯೂ ಇದು ಆರಂಭವಾಗಬಹುದು. ಇದಕ್ಕೆ ಮೊದಲ ಮದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್, ಅದು ಲಸಿಕೆ ಹಾಕುವ ಕೋಣೆಯಲ್ಲೇ ಇರಬೇಕಾದ ವಸ್ತು. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲೇ ಕುಳಿತುಕೊಳ್ಳಿ ಎನ್ನುವುದು ಇದೇ ಕಾರಣಕ್ಕೆ. ಆದರೆ ಮೋಡ ಕಟ್ಟಿತೆಂದು, ಬಸ್ಸು ತಪ್ಪುತ್ತದೆಂದು, ಮಗು ಅಳುತ್ತಿದೆಯೆಂದು ಸೂಜಿ ತೆಗೆದ ಐದು ನಿಮಿಷಕ್ಕೆ ಸ್ಕೂಟರ್ ಏರುವವರು ಎಷ್ಟೋ ಜನ. ಆ ಅರ್ಧ ಗಂಟೆಯನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ. ಮನೆಗೆ ಹೋದ ಮೇಲೆ ಈ ಲಕ್ಷಣಗಳು ಕಂಡರೆ ನಮ್ಮಂಥ ಅಂಗಡಿಗೆ ಬಂದು ಸಮಯ ಕಳೆಯದೆ 108ಕ್ಕೆ ಕರೆ ಮಾಡಿ, ಅಥವಾ ಹತ್ತಿರದ ಆಸ್ಪತ್ರೆಗೆ ನೇರವಾಗಿ ಧಾವಿಸಿ.

ಮೊಟ್ಟೆಯ ಪ್ರಶ್ನೆಯನ್ನು ಸಸ್ಯಾಹಾರಿಗಳೂ ಕೇಳುತ್ತಾರೆ, ಮಾಂಸಾಹಾರಿಗಳೂ ಕೇಳುತ್ತಾರೆ. ಹೆಚ್ಚಿನ ಫ್ಲೂ ಲಸಿಕೆಗಳ ವೈರಾಣುವನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ, ಶುದ್ಧೀಕರಿಸಿದ ಮೇಲೂ ಮೊಟ್ಟೆಯ ಪ್ರೋಟೀನಿನ ಅತ್ಯಲ್ಪ ಅಂಶ ಉಳಿಯುತ್ತದೆ. ಹಿಂದೆ ಮೊಟ್ಟೆ ಅಲರ್ಜಿಯ ಮಕ್ಕಳಿಗೆ ಇದನ್ನು ಹಾಕಲು ವೈದ್ಯರು ಹಿಂಜರಿಯುತ್ತಿದ್ದರು. ಅಲರ್ಜಿಯಿರುವ ಸಾವಿರಾರು ಮಕ್ಕಳಿಗೆ ಹಾಕಿ ನೋಡಿದಾಗ ತೊಂದರೆ ಕಾಣದ್ದರಿಂದ, 2023ರಿಂದ ಅಮೆರಿಕದ ಲಸಿಕಾ ಸಲಹಾ ಸಮಿತಿಯು ಅಂಥವರಿಗೆ ಎಲ್ಲ ಲಸಿಕೆಗಳಿಗೂ ಇರುವ ಎಚ್ಚರಿಕೆಗಿಂತ ಹೆಚ್ಚಿನದು ಬೇಕಿಲ್ಲ ಎಂದಿದೆ. ಹಾಗಿದ್ದರೂ ಅಲರ್ಜಿಯ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಬೇಡಿ. ಬ್ರಾಂಡಿಗೆ ತಕ್ಕಂತೆ ನಿಯೋಮೈಸಿನ್, ಜೆಂಟಾಮೈಸಿನ್‌ನಂಥ ಆಂಟಿಬಯೋಟಿಕ್‌ಗಳ ಲೇಶವೂ ಇರಬಹುದಾದ್ದರಿಂದ ಅವುಗಳ ಅಲರ್ಜಿಯಿದ್ದರೂ ಹೇಳಿ.

ಲಸಿಕೆಯ ಹೆಸರು ಹೊತ್ತುಕೊಂಡು ನಮ್ಮ ಅಂಗಡಿಗೆ ಬರುವ ಎಷ್ಟೋ ದದ್ದುಗಳು ನಮ್ಮ ಊರಿನ ಹವೆಯವು. ಮೇ ತಿಂಗಳ ಸೆಕೆಗೆ ಕುತ್ತಿಗೆಯ ಮಡಿಕೆ, ಬೆನ್ನು, ಕಂಕುಳಲ್ಲಿ ಏಳುವ ಸಾಸಿವೆಕಾಳಿನಂಥ ಗುಳ್ಳೆಗಳು ಬೆವರುಸಾಲೆ. ಮಳೆ ಬಿದ್ದ ವಾರದಲ್ಲಿ ಕೈಕಾಲುಗಳ ಮೇಲೆ ಗುಂಪಾಗಿ ಏಳುವ, ನಡುವೆ ಚುಕ್ಕೆಯಿರುವ ತುರಿಕೆಯ ಗುಳ್ಳೆಗಳು ಸೊಳ್ಳೆ ಅಥವಾ ಬೇರೆ ಕೀಟದ ಕಡಿತ. ಅಂಗೈ, ಅಂಗಾಲು, ಪೃಷ್ಠಗಳಲ್ಲಿ ಗುಳ್ಳೆಯೂ ಬಾಯಿಯಲ್ಲಿ ಹುಣ್ಣೂ ಇದ್ದರೆ ಅದು ಕೈ ಕಾಲು ಬಾಯಿ ರೋಗ, ಲಸಿಕೆಗೂ ಅದಕ್ಕೂ ಸಂಬಂಧವಿಲ್ಲ. ಸೂಜಿಗೆ ಹೆದರಿ ಉಸಿರುಕಟ್ಟುವಂತೆ ಅತ್ತ ಕೂಸಿನ ಕಣ್ಣಿನ ಸುತ್ತ ಕೆಂಪು ಸೂಜಿಮೊನೆಯಂಥ ಚುಕ್ಕೆಗಳು ಕಾಣುವುದೂ ಉಂಟು. ಆದರೆ ಅಂಥ ಚುಕ್ಕೆಗಳು ಎದೆಯಿಂದ ಕೆಳಗೆ, ಕಾಲಿನ ಮೇಲೆ ಕಾಣಿಸಿದರೆ ಪಾರದರ್ಶಕವಾದ ಗಾಜಿನ ಲೋಟವೊಂದನ್ನು ಅದರ ಮೇಲೆ ಒತ್ತಿ ನೋಡಿ. ಒತ್ತಿದಾಗಲೂ ಮಾಸದೆ ಹಾಗೆಯೇ ಕಂಡರೆ ಅದು ಚರ್ಮದೊಳಗೆ ಜಿನುಗಿದ ರಕ್ತ. ನಮ್ಮ ಜಿಲ್ಲೆಗಳಲ್ಲಿ ಮಳೆಗಾಲದಲ್ಲಿ ಜ್ವರದೊಂದಿಗೆ ಇದು ಬಂದರೆ ಡೆಂಗಿಯನ್ನೂ ಯೋಚಿಸಬೇಕು, ಅದೇ ದಿನ ವೈದ್ಯರಿಗೆ ತೋರಿಸಬೇಕು. "ಇಂಜೆಕ್ಷನ್‌ನಿಂದ ಆಗಿರಬೇಕು, ಹೋಗ್ತದೆ" ಎಂದು ಸುಮ್ಮನಿರುವುದು ಇಲ್ಲಿ ಅಪಾಯ.

ಇಸಬು ಇರುವ ಮಕ್ಕಳಿಗೂ ಈ ಲಸಿಕೆ ಹಾಕಬಹುದು. ಚರ್ಮ ಕೆರಳಿದ ಜಾಗವನ್ನು ಬಿಟ್ಟು ಬೇರೆಡೆ ಹಾಕುವಂತೆ ಹೇಳಿದರೆ ಸಾಕು.

ಕಳೆದ ಮಳೆಗಾಲದ ಮೊದಲು ಬಂದ ತಾಯಿಯೊಬ್ಬರ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಮೊದಲ ಡೋಸ್‌ನ ಮೂರನೆಯ ದಿನ ಮಗನ ಹೊಟ್ಟೆಯ ಮೇಲೆ ಗಂಧೆ ಎದ್ದಿತ್ತು. ಹಾಕಿಸಿದಲ್ಲಿಗೆ ಹೋಗಿ ತೋರಿಸಿದಾಗ ತಲೆಯೆತ್ತದೆ "ಅದೆಲ್ಲ ಆಗ್ತದೆ" ಎಂದಷ್ಟೇ ಹೇಳಿ ಕಳಿಸಿದರಂತೆ. "ಆಗ್ತದೆ ಅಂತ ನನಗೂ ಗೊತ್ತುಂಟು ಅಕ್ಕ, ಒಮ್ಮೆ ಮುಟ್ಟಿಯಾದರೂ ನೋಡಬಹುದಿತ್ತಲ್ಲ" ಎಂದು ಅವರು ನನ್ನ ಬಳಿ ಹೇಳಿದರು. ಎರಡನೆಯ ಡೋಸ್ ಅವರು ಹಾಕಿಸಲಿಲ್ಲ. ವೈದ್ಯಕೀಯವಾಗಿ ಆ ಉತ್ತರ ತಪ್ಪಾಗಿರಲಿಲ್ಲ, ಮೂರನೆಯ ದಿನದ ಗಂಧೆ ಎರಡನೆಯ ಡೋಸ್‌ಗೆ ಅಡ್ಡಿಯೂ ಅಲ್ಲ. ಆದರೂ ಆ ಮಗು ಅರೆಬರೆ ರಕ್ಷಣೆಯೊಂದಿಗೆ ಮಳೆಗಾಲ ಕಳೆಯಬೇಕಾಗಿ ಬಂದದ್ದು ಆ ಎರಡು ನಿಮಿಷದ ಉದಾಸೀನದಿಂದ ಎಂದೇ ನಾನು ಭಾವಿಸುತ್ತೇನೆ. ಹೆತ್ತವರ ಪ್ರಶ್ನೆಯನ್ನು ಲಸಿಕೆಯ ವಿರೋಧವೆಂದು ತಿಳಿಯುವುದು ಅನ್ಯಾಯ.

ಹೀಗೆ ಹೇಳಿಕೊಂಡ ದೂರುಗಳಿಂದ ಲಸಿಕೆಗಳೇ ಸುಧಾರಿಸಿದ್ದೂ ಇದೆ. 2000ನೇ ಇಸವಿಯ ಚಳಿಗಾಲದ ಹಂಗಾಮಿನಲ್ಲಿ ಕೆನಡಾದಲ್ಲಿ ಫ್ಲೂ ಲಸಿಕೆ ಪಡೆದ ಕೆಲವರಿಗೆ ಒಂದು ದಿನದೊಳಗೆ ಎರಡೂ ಕಣ್ಣು ಕೆಂಪಾಗುವುದು, ಮುಖ ಊದಿಕೊಳ್ಳುವುದು, ಕೆಮ್ಮು ಕಾಣಿಸಿತು. ವರದಿಗಳು ಒಟ್ಟು ಸೇರಿದಾಗ ಅವುಗಳಲ್ಲಿ ಹೆಚ್ಚಿನವು ಒಂದೇ ತಯಾರಿಕೆಯ ಲಸಿಕೆಗೆ ಸಂಬಂಧಿಸಿದ್ದು ಎಂದು ತಿಳಿಯಿತು. ಅದರಲ್ಲಿ ಸರಿಯಾಗಿ ಒಡೆಯದ ವೈರಾಣುಗಳು ಮುದ್ದೆಗಟ್ಟಿ ಉಳಿದಿದ್ದವು. ತಯಾರಿಕೆಯ ಕ್ರಮವನ್ನು ಬದಲಿಸಿದ ಮೇಲೆ ತೊಂದರೆ ಇಳಿಯಿತು. ಯಾರೂ ಹೇಳಿಕೊಳ್ಳದಿದ್ದರೆ ಇದು ಪತ್ತೆಯಾಗುತ್ತಿರಲಿಲ್ಲ. ನಮ್ಮ ದೇಶದಲ್ಲೂ ಲಸಿಕೆಯ ನಂತರದ ತೊಂದರೆಗಳನ್ನು ದಾಖಲಿಸುವ ವ್ಯವಸ್ಥೆಯಿದೆ: ವೈದ್ಯರು ಜಿಲ್ಲೆಯ ಆರೋಗ್ಯ ಇಲಾಖೆಗೆ ತಿಳಿಸಬಹುದು, ಹೆತ್ತವರೇ ಔಷಧಗಳ ಅಡ್ಡಪರಿಣಾಮದ ಉಚಿತ ಸಹಾಯವಾಣಿ 1800-180-3024ಕ್ಕೆ ಕರೆ ಮಾಡಬಹುದು.

ಅದಕ್ಕೆ ಬೇಕಾದ ವಿವರಗಳನ್ನು ಲಸಿಕೆಯ ದಿನವೇ ಬರೆದಿಟ್ಟುಕೊಳ್ಳಬೇಕು. ಲಸಿಕೆಯ ಡಬ್ಬಿಯ ಮೇಲಿನ ಬ್ರಾಂಡಿನ ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನಾಂಕಗಳನ್ನು ಮಗುವಿನ ಲಸಿಕೆ ಪುಸ್ತಕದಲ್ಲಿ ಬರೆಸಿ, ಸೂಜಿ ಹಾಕಿದ ಗಂಟೆಯನ್ನು ನೀವೇ ಪಕ್ಕದಲ್ಲಿ ಬರೆಯಿರಿ, ಬಲವೋ ಎಡವೋ ಎಂಬುದನ್ನೂ ಗುರುತಿಸಿ. ದದ್ದು ಎದ್ದರೆ ಅದರ ಗಂಟೆ, ಜಾಗ, ಮಾಯವಾದ ಹೊತ್ತು, ಆ ದಿನಗಳಲ್ಲಿ ಕೊಟ್ಟ ಬೇರೆ ಔಷಧಗಳನ್ನು ಅದೇ ಪುಟದಲ್ಲಿ ಸೇರಿಸಿ. ನಾಲ್ಕು ವಾರಗಳ ನಂತರ ಎರಡನೆಯ ಡೋಸ್‌ಗೆ ಹೋದಾಗ ಸೂಜಿ ತೆಗೆಯುವ ಮೊದಲೇ ಆ ಪುಟವನ್ನು ವೈದ್ಯರ ಮುಂದಿಡಿ. ಮೊದಲ 4 ಗಂಟೆಯೊಳಗೆ ಮೈಯೆಲ್ಲ ಗಂಧೆ ಎದ್ದ ಮಗುವಾದರೆ ಅಲರ್ಜಿಯನ್ನು ಪರಿಶೀಲಿಸದೆ ಅದೇ ಲಸಿಕೆಯನ್ನು ಮತ್ತೆ ಹಾಕುವುದಿಲ್ಲ. ತೋಳಿನ ಕೆಂಪು ಅಥವಾ ಮರುದಿನದ ದದ್ದು ಮಾತ್ರ ಇದ್ದ ಮಗುವಿಗೆ ಅದೇ ದಿನ ಹಾಕುತ್ತಾರೆ, ಈ ಸಲ ಇನ್ನೊಂದು ಕಡೆಯ ತೋಳಿಗೆ ಹಾಕಿ ಎಂದು ನೀವು ಕೇಳಿಕೊಳ್ಳಬಹುದು.